ಕಿವುಡು ಮೂಲೆ

ನೀರು ಕುಡಿದು ಬರುತ್ತೇನೆಂದು ಹೇಳಿ ಬಂದವನು ನೀರು ಕುಡಿಯಲಿಲ್ಲ. ನಲ್ಲಿ ತಿರುವಿದ, ಬೊಗಸೆ ತುಂಬಿತು, ಬೆರಳ ಸಂದಿಯಿಂದ ಸೋರಿಯೂ ಹೋಯಿತು. ಮತ್ತೆ ಹಿಡಿಯುವ ಗೋಜಿಗೆ ಹೋಗದೆ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೋರ್ಟಿನ ಹಿಂಭಾಗದ ಮೆಟ್ಟಿಲು ಹತ್ತಿದ. ಯಾರಾದರೂ ನೋಡಿದರೆ ಇರಲಿ ಎಂದು ಮುಖಕ್ಕೆ ಏನನ್ನೋ ಹುಡುಕುತ್ತಿರುವವನ ಕಳೆ ತಂದುಕೊಂಡಿದ್ದ. ನೋಡುವವರೇ ಇರಲಿಲ್ಲ. ಪಡಸಾಲೆ ತಿರುಗುವ ಮೂಲೆಯಲ್ಲಿ ಇಬ್ಬರು ಗಾರೆ ಕೆಲಸದವರು ಗೋಡೆ ಒಡೆಯುತ್ತಿದ್ದರು, ಅಷ್ಟೆ. ಅವರಲ್ಲಿ ಮುದುಕ ತಿರುಗಿ ನೋಡಿ, ‘ಧೂಳು ಬೀಳುತ್ತೆ ಸ್ವಾಮಿ, ಮುಂದಕ್ಕೆ ಹೋಗಿ ಕೂತ್ಕೊಳ್ಳಿ’ ಎಂದ. ‘ಪರವಾಗಿಲ್ಲ’ ಎಂದು ಇವನು ಗೋಡೆಗೆ ಎದುರಾಗಿದ್ದ ಕಲ್ಲುಬೆಂಚಿನ ಮೇಲೆ ಕೂತ. ಧೂಳು ಅವನಿಗೆ ಹೊಸದಲ್ಲ. ಆ ಗೋಡೆ ಅವನ ಅಪ್ಪ ಕಟ್ಟಿದ್ದು.

ಮುಂದಿನ ಪಡಸಾಲೆಯಲ್ಲಿ, ಮೂರನೆಯ ಕಂಬದ ಕೆಳಗೆ, ಅತ್ತಿಗೆ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವನು ಬರುವುದಕ್ಕೆ ಮೊದಲೇ ಬಂದಿದ್ದಳು. ಇವನನ್ನು ನೋಡಿ ಎದ್ದು ನಿಂತಳು, ಅದೊಂದು ಸಹಿಸಲಾಗಲಿಲ್ಲ. ಕೈ ಹಿಡಿದು ನಡೆಸಿದವಳು, ಸುಣ್ಣ ತಿಂದು ಬಿರಿದ ಅವನ ಬೆರಳುಗಳಿಗೆ ದೀಪ ಹತ್ತಿರ ಇಟ್ಟುಕೊಂಡು ಎಣ್ಣೆ ತಿಕ್ಕಿದವಳು, ಇವತ್ತು ಅವನು ಬಂದನೆಂದು ದೊಡ್ಡ ಮನುಷ್ಯರ ಮುಂದೆ ಏಳುವಂತೆ ಎದ್ದಳು. ‘ಕೂತ್ಕೊಳ್ಳಿ ಅತ್ತಿಗೆ’ ಎಂದರೂ ಕೂರಲಿಲ್ಲ. ಪಕ್ಕದಲ್ಲಿದ್ದ ಅವಳ ವಕೀಲ, ತನಗಿಂತ ದೊಡ್ಡ ಅಳತೆಯ ಕರಿಕೋಟಿನ ಯುವಕ, ‘ಹೆದರ್ಕೋಬೇಡಿ. ಕೇಳಿದ್ದಕ್ಕೆ ಮಾತ್ರ ಹೇಳಿ, ಕಥೆ ಹೇಳ್ಬೇಡಿ. ಅಪ್ಪ ಸಾಯೋಕೆ ಮುಂಚೆ ಏನಂದ್ರು, ಅಷ್ಟೇ’ ಎಂದ. ಆಮೇಲೆ ದನಿ ತಗ್ಗಿಸಿ, ‘ಇವತ್ತು ತಪ್ಪಿದ್ರೆ ಇನ್ನು ವಾಯಿದೆ ಕೊಡಲ್ಲ. ಸಾಕ್ಷಿ ಬರಲಿಲ್ಲ ಅಂತ ಬರೆದು ಮುಗಿಸಿಬಿಡ್ತಾರೆ ಸಾಹೇಬ್ರು. ಆಮೇಲೆ ನಿಮ್ಮ ಅತ್ತಿಗೆ ಮಾತಿಗೆ ಬೇರೆ ಆಧಾರ ಇಲ್ಲ’ ಎಂದ. ಇವನು ಹೂಂಗುಟ್ಟಿದ. ಹೂಂಗುಟ್ಟುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬೆಳಿಗ್ಗೆ ಸಣ್ಣಣ್ಣನಿಗೂ ಹೂಂಗುಟ್ಟಿಯೇ ಬಂದಿದ್ದ.

ಸಣ್ಣಣ್ಣ ಗದರಿರಲಿಲ್ಲ. ಗದರಿದ್ದರೆ ಒಂದು ದಾರಿ ಇತ್ತು, ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಮನುಷ್ಯ ಒಂದೊಂದು ಸಲ ನೆಟ್ಟಗೆ ನಿಲ್ಲುತ್ತಾನೆ. ಸಣ್ಣಣ್ಣ ಸಿಮೆಂಟ್ ಅಂಗಡಿಯ ಗಲ್ಲಾದ ಹಿಂದೆ ಕೂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ, ‘ಹೋಗ್ಬೇಡ ಅಂತ ನಾನ್ಯಾಕೆ ಹೇಳ್ಲಿ? ಹೋಗಿ ಬಾ. ನಿನ್ನ ಮನಸ್ಸಿಗೆ ಬಂದದ್ದು ಹೇಳು. ಅಂಗಡಿ ಬೀಗದ ಕೈ ಮಾತ್ರ ಇಟ್ಟು ಹೋಗು’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಸಂಜೆ ಬಂದ್ರೆ ಮತ್ತೆ ಇಸ್ಕೊಂಡ್ರಾಯ್ತು’ ಎಂದ. ಬಂದರೆ. ಇಷ್ಟು ವರ್ಷ ಸೊಂಟದಲ್ಲೇ ಇದ್ದ ಬೀಗದ ಕೈ. ಬೆಳಿಗ್ಗೆ ಶಟರು ಎತ್ತುವವನು ಇವನು, ಸಂಜೆ ಇಳಿಸುವವನು ಇವನು, ನಡುವೆ ಮೂಟೆ ಎಣಿಸುವವನು ಇವನು. ಅಂಗಡಿಯ ಮಾಳಿಗೆಯ ಮೇಲಿನ ಎರಡು ಕೋಣೆಯಲ್ಲಿ ಇವನ ಸಂಸಾರ. ಗಿರಾಕಿಗಳು ಇವನನ್ನು ‘ಮಾಲೀಕರ ತಮ್ಮ’ ಎನ್ನುತ್ತಿದ್ದರು, ಮಾಲೀಕ ಎದುರಿಗಿಲ್ಲದಾಗ ಮಾತ್ರ ‘ಅಣ್ಣಾ’ ಎನ್ನುತ್ತಿದ್ದರು. ಬೀಗದ ಕೈ ಗಲ್ಲಾದ ಮೇಲಿಟ್ಟಾಗ ಅದು ಸದ್ದು ಮಾಡದಿರಲೆಂದು ಮೆಲ್ಲಗೆ ಇಟ್ಟ. ಈಗಲೂ ಕೈ ಮತ್ತೆ ಮತ್ತೆ ಸೊಂಟಕ್ಕೆ ಹೋಗುತ್ತಿತ್ತು, ಉದುರಿದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವ ಹಾಗೆ.

‘ಈ ಗಾರೆ ಹಾಕ್ದೋನು ಯಾವ ಪುಣ್ಯಾತ್ಮನಪ್ಪಾ!’ ಎಂದ ಕಿರಿಯ ಕೆಲಸದವನು ಉಳಿಯನ್ನು ಕೆಳಗಿಟ್ಟು ಅಂಗೈಗೆ ಊದಿಕೊಳ್ಳುತ್ತ. ‘ಇಟ್ಟಿಗೆ ಒಡೆಯುತ್ತೆ, ಗಾರೆ ಬಿಡ್ತಾ ಇಲ್ಲ.’

‘ಹಿಂದಿನವ್ರದ್ದು ಹಾಗೇ’ ಎಂದ ಮುದುಕ. ‘ಅವ್ರು ಕಟ್ಟಿದ್ದು ಒಡೆಯೋಕೆ ಹೋದ್ರೆ ನಮ್ಮ ಜೀವ ಹೋಗುತ್ತೆ. ನಾವು ಕಟ್ಟಿದ್ದು ಒಡೆಯೋ ಖರ್ಚೇ ಇಲ್ಲ, ತಾನಾಗೇ ಬೀಳುತ್ತೆ.’

ಇಬ್ಬರೂ ನಕ್ಕರು. ಇವನೂ ನಗಬೇಕೆಂದುಕೊಂಡ. ಅದು ನಮ್ಮಪ್ಪ ಹಾಕಿದ ಗಾರೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹೇಳಿದರೆ, ಹಾಗಾದರೆ ನೀವು ಯಾರು, ಇಲ್ಲಿಗೇಕೆ ಬಂದಿರಿ, ಇಲ್ಲೇಕೆ ಕೂತಿರಿ ಎಂದು ಒಂದರ ಹಿಂದೊಂದು ಬರುತ್ತದೆ. ಅಪ್ಪನ ಹೆಸರನ್ನು ಹೇಳಿಕೊಳ್ಳಲೂ ಒಂದು ಯೋಗ್ಯತೆ ಬೇಕಾಗುವ ದಿನ ಬರುತ್ತದೆಂದು ಅವನು ಎಣಿಸಿರಲಿಲ್ಲ.

ಆ ಕಟ್ಟಡದ ಜಾತಕವನ್ನೆಲ್ಲ ಅಪ್ಪ ಊಟಕ್ಕೆ ಕೂತಾಗ ಬಿಡಿಸಿಬಿಡಿಸಿ ಹೇಳುತ್ತಿದ್ದ. ಊರಾಚೆಯ ಗುಡ್ಡವನ್ನು ಅರ್ಧ ಕಡಿದು ತಂದ ಕಲ್ಲು. ಅದಕ್ಕೇ ಗುಡ್ಡ ಇವತ್ತಿಗೂ ಕಚ್ಚಿಟ್ಟ ರೊಟ್ಟಿಯ ಹಾಗಿದೆ. ಕಟ್ಟಿಸಿದ ಹಳೆಯ ಅಧಿಕಾರಿಗೆ ಊರು ದೂರದಿಂದಲೇ ಕೋರ್ಟನ್ನು ನೋಡಿ ಹೆದರಬೇಕು ಎಂಬ ಆಸೆಯಿತ್ತಂತೆ. ಮೆಟ್ಟಿಲುಗಳನ್ನು ಬೇಕೆಂದೇ ಎತ್ತರಕ್ಕಿಟ್ಟ, ಹತ್ತಿ ಬಂದವನಿಗೆ ಏದುಸಿರು ಬರಬೇಕು, ಏದುಸಿರಿನಲ್ಲಿ ಸುಳ್ಳು ಕಟ್ಟಲಾಗುವುದಿಲ್ಲ ಎಂದು. ನೆತ್ತಿಯ ಮೇಲೆ ಗೋಪುರ ಎಬ್ಬಿಸಿದ, ಗಡಿಯಾರಕ್ಕೆಂದು ನಾಲ್ಕೂ ಕಡೆ ದುಂಡನೆಯ ತೂತು ಬಿಡಿಸಿದ. ಅಷ್ಟರಲ್ಲಿ ಅವನಿಗೆ ವರ್ಗವಾಯಿತು. ಗಡಿಯಾರ ಬರಲಿಲ್ಲ, ಪಾರಿವಾಳ ಬಂದವು. ಒಳಗಿನ ದೊಡ್ಡ ಹಜಾರದಲ್ಲಿ ಕಿಟಕಿಗಳನ್ನು ಎಷ್ಟು ಲೆಕ್ಕಾಚಾರದಲ್ಲಿಟ್ಟಿದ್ದಾರೆಂದರೆ, ‘ಕಟಕಟೆಯಲ್ಲಿ ನಿಂತೋನ ಮುಖಕ್ಕೆ ಬೆಳಕು, ಕೂತ ಸಾಹೇಬರ ಮುಖಕ್ಕೆ ನೆರಳು’ ಎಂದು ಅಪ್ಪ ಬೆರಳಲ್ಲಿ ತಟ್ಟೆಯ ಅಂಚಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ‘ನೀನು ಅವ್ರನ್ನ ಕಾಣಲ್ಲ, ಅವ್ರು ನಿನ್ನ ಕಣ್ಣಿನ ಪಾಪೆ ಕಾಣ್ತಾರೆ. ಕಟ್ಟೋದು ಅಂದ್ರೆ ಅದು!’ ಆ ಬೆಳಕನ್ನು ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ಇವನು ನೋಡಿದ್ದ. ಕಟಕಟೆಯ ಮರದ ಕಂಬಿ, ಅಷ್ಟು ಜನರ ಅಂಗೈ ಬೆವರು ಕುಡಿದು, ಹಸುವಿನ ಕೊಂಬಿನಂತೆ ನುಣ್ಣಗಾಗಿ ಆ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅಲ್ಲಿ ನಿಂತಿದ್ದ ಯಾವನೋ ರೈತ ಕಣ್ಣು ಕಿರಿದು ಮಾಡಿಕೊಂಡು, ಎಲ್ಲಿಂದ ಪ್ರಶ್ನೆ ಬರುತ್ತಿದೆಯೆಂದು ಅತ್ತಿತ್ತ ಹುಡುಕುತ್ತಿದ್ದ.

ಮುಂದಿನ ಪಡಸಾಲೆ ಹಿಂದಕ್ಕೆ ತಿರುಗುವ ಈ ಮೂಲೆಯಲ್ಲಿ ಮೊದಲು ಗೋಡೆ ಇರಲಿಲ್ಲ, ಗುಮ್ಮಟದಂತೆ ಬಾಗಿದ ಕಮಾನಿತ್ತು. ಆ ಕಮಾನಿನ ಒಂದು ಕಾಲಿಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಕಾಲಿಗೆ ಕಿವಿಯಿಟ್ಟವರಿಗೆ ಕೇಳಿಸುತ್ತಿತ್ತು. ದೊಡ್ಡಣ್ಣ ಮದುವೆಯಾದ ಹೊಸದರಲ್ಲಿ ಒಂದು ರಜೆಯ ದಿನ ಅಪ್ಪ ಎಲ್ಲರನ್ನೂ ಕರೆತಂದು ತೋರಿಸಿದ್ದ. ಅತ್ತಿಗೆ ಈಚೆ, ದೊಡ್ಡಣ್ಣ ಆಚೆ. ದೊಡ್ಡಣ್ಣ ಗೋಡೆಗೆ ಮುಖ ಒತ್ತಿ ಏನೋ ಹೇಳಿದ. ಅತ್ತಿಗೆ ಕಿವಿಯನ್ನು ಕಲ್ಲಿನಿಂದ ಕಿತ್ತುಕೊಂಡು, ಸೆರಗು ಬಾಯಿಗಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋಗಿಬಿಟ್ಟಳು. ‘ಏನಂದ ಅಣ್ಣ?’ ಎಂದು ಇವನು ದಾರಿಯುದ್ದಕ್ಕೂ ಪೀಡಿಸಿದ್ದ. ‘ಕಲ್ಲು ತಣ್ಣಗಿತ್ತು ಪುಟ್ಟ’ ಎಂದಿದ್ದಳು. ಆಮೇಲೆ ಕಾಗದಪತ್ರ ಹೆಚ್ಚಾಗಿ ಇಡಲು ಜಾಗವಿಲ್ಲದೆ, ಕಮಾನಿನ ಕೆಳಗನ್ನೇ ಕೋಣೆ ಮಾಡಿ ಎಂದು ಹುಕುಂ ಬಂತು. ಮುಂದಕ್ಕೊಂದು ಮರದ ಬಾಗಿಲು, ಹಿಂದಕ್ಕೊಂದು ಗೋಡೆ. ಗೋಡೆಯ ಕೆಲಸ ಅಪ್ಪನಿಗೆ ಸಿಕ್ಕಿತು. ಕಟ್ಟಿದ, ಕೈ ತೊಳೆದ. ಅವತ್ತಿನಿಂದ ಹಜಾರದ ಮುಂಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದರೆ ಹಿಂದಿನ ಈ ಬೆಂಚಿಗೆ ಕೇಳಿಸದಾಯಿತು. ದೂರದ ಹಳ್ಳಿಯ ಒಬ್ಬ ಅಜ್ಜ ತಂಪಿಗೆಂದು ಇಲ್ಲಿ ಕೂತವನು ತನ್ನ ಸರದಿ ಬಂದುಹೋದದ್ದು ತಿಳಿಯದೆ ಸಂಜೆಯವರೆಗೂ ಕೂತಿದ್ದ, ಹೊಲ ಕಳೆದುಕೊಂಡ. ಅಪ್ಪನಿಗೆ ಸುದ್ದಿ ಮುಟ್ಟಿದಾಗ ತುತ್ತು ಕೈಯಲ್ಲೇ ಉಳಿಯಿತು. ‘ಸಾಹೇಬ್ರು ಹೇಳಿದ್ರು, ಕಟ್ಟಿದೆ. ಕಿವಿಗೇ ಗಾರೆ ತುಂಬಿದ ಹಾಗಾಯ್ತು ನನ್ನ ಕೆಲಸ’ ಎಂದ. ಆಮೇಲೆ ಮನೆಮಂದಿಗೆಲ್ಲ, ‘ಕೋರ್ಟಿನ ಮೆಟ್ಟಿಲು ಹತ್ತೋ ಕಾಲ ಯಾರಿಗೂ ಬಾರದೇ ಇರ್ಲಿ. ಬಂದ್ರೆ ಆ ಕಿವುಡು ಮೂಲೇಲಿ ಮಾತ್ರ ಕೂರಬೇಡಿ’ ಎಂದು ಹೇಳಿ ಎದ್ದಿದ್ದ. ಬಡಿಸುತ್ತಿದ್ದವಳು ಅತ್ತಿಗೆ.

ಕಾಲ ಬಂತು. ಬಂದದ್ದು ಅಪ್ಪನ ಮಕ್ಕಳಿಗೇ. ಅಪ್ಪ ಹೋಗುವ ಮೊದಲು ತಲೆದೆಸೆಯಲ್ಲಿ ಇದ್ದವನು ಇವನೊಬ್ಬನೇ. ಅಪ್ಪನ ಮಾತಿನಲ್ಲಿ ತೊದಲಿರಲಿಲ್ಲ. ಹಳ್ಳದ ಪಕ್ಕದ ಮನೆ ದೊಡ್ಡವನದು, ಅದರ ಒಂದೊಂದು ಕಲ್ಲೂ ಅವನು ಹೊತ್ತದ್ದು. ರಸ್ತೆಯ ಜಾಗ ನಡುವಿನವನಿಗೆ, ಅಲ್ಲಿ ಅಂಗಡಿ ಹಾಕಿಕೊಳ್ಳಲಿ. ‘ನಿನಗೆ ನನ್ನ ಗಾರೆ ಕರಣೆ, ತೂಗುಗುಂಡು, ಮಟ್ಟದ ಹಲಗೆ. ಕೈಯೊಂದಿದ್ರೆ ಬದುಕ್ತೀಯ.’ ಇವನು ಅಣ್ಣಂದಿರಿಗೆ ಹೇಳಿದ, ಮೂವರೂ ಹಾಗೇ ನಡೆದುಕೊಂಡರು, ಕಾಗದ ಯಾರಿಗೆ ಬೇಕಿತ್ತು. ದೊಡ್ಡಣ್ಣ ಹೋದ ಮೇಲೆ, ಹಳ್ಳದ ಪಕ್ಕ ಹೊಸ ರಸ್ತೆ ಬಿದ್ದ ಮೇಲೆ, ಸಣ್ಣಣ್ಣನಿಗೆ ಅಪ್ಪನ ಮನೆಯ ಮೇಲೆ ಮಮತೆ ಹುಟ್ಟಿತು. ಪಾಲೇ ಆಗಿಲ್ಲ, ಮನೆ ಎಲ್ಲರದೂ, ಮಾರಿ ಹಂಚಬೇಕು ಎಂದು ದಾವಾ ಹಾಕಿದ. ಇವನ ಕರಣೆ ಸಣ್ಣಣ್ಣನ ಅಂಗಡಿಯ ಗೋಡೆಯಲ್ಲಿ, ಗಲ್ಲಾದ ಮೇಲುಗಡೆ, ಬಣ್ಣ ಬಳಿಸಿಕೊಂಡು ಮೊಳೆಗೆ ನೇತುಬಿದ್ದಿದೆ. ಗಿರಾಕಿಗಳಿಗೆ ತೋರಿಸಿ, ‘ನಮ್ಮದು ತಲೆತಲಾಂತರದಿಂದ ಇದೇ ಕಸುಬು’ ಎನ್ನುತ್ತಾನೆ. ಅದನ್ನು ಇಳಿಸಿ ಕೊಡು ಎಂದು ಕೇಳಲು ಇವನು ಎಷ್ಟೋ ಸಲ ಬಾಯಿ ತೆರೆದದ್ದುಂಟು, ಆಕಳಿಸಿ ಮುಚ್ಚಿದ್ದೂ ಉಂಟು.

ಸತ್ಯ ಹೇಳುತ್ತೇನೆ ಎಂದು ಅತ್ತಿಗೆಗೆ ಮಾತು ಕೊಟ್ಟವನು ಇವನೇ, ಯಾರೂ ಕೇಳಿರಲಿಲ್ಲ. ದೊಡ್ಡಣ್ಣನ ಫೋಟೋದ ಕೆಳಗೆ ಕೂತು, ‘ನಾನಿದ್ದೀನಲ್ಲ ಅತ್ತಿಗೆ’ ಎಂದಿದ್ದ. ಹೇಳುವಾಗ ಎದೆ ಉಬ್ಬಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಒಗೆದ ಬಟ್ಟೆ ಮಡಚುತ್ತ, ‘ಹೇಳಿ, ಬೇಡ ಅನ್ನಲ್ಲ. ಅದಕ್ಕೆ ಮೊದ್ಲು ನಿಮ್ಮ ಸತ್ಯಕ್ಕೊಂದು ಸೂರು ಹಾಕ್ಕೊಡಿ. ಅದರ ಕೆಳಗೆ ಮಕ್ಕಳನ್ನ ಮಲಗಿಸ್ಕೊಂಡು ನಾನೂ ಸತ್ಯ ಹೇಳ್ತೀನಿ’ ಎಂದಳು. ಅವಳು ಕೆಟ್ಟವಳಲ್ಲ. ಅವಳ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅವತ್ತಿನಿಂದ ಅವನ ಒಳಗೆ ಒಂದು ಹೂಟ ಬೇರು ಬಿಡತೊಡಗಿತು. ಹೂಟ ಎಂದು ಅವನು ಅದನ್ನು ಕರೆಯುತ್ತಿರಲಿಲ್ಲ. ಅಕಸ್ಮಾತ್ ಕೇಳಿಸದೇ ಹೋದರೆ, ಎಂದಷ್ಟೇ ಅಂದುಕೊಳ್ಳುತ್ತಿದ್ದ. ಸುಳ್ಳು ಹೇಳಿದಂತಲ್ಲ. ಬರದೇ ಉಳಿದಂತೆಯೂ ಅಲ್ಲ, ಬಂದಿದ್ದೇನಲ್ಲ. ಕಟ್ಟಡದ ತಪ್ಪು. ಆ ಅಜ್ಜನಿಗೆ ಆದದ್ದೇ ಇವನಿಗೂ ಆಯಿತು.

ಬೆಳಿಗ್ಗೆ ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ಜವಾನನನ್ನು ಮಾತಾಡಿಸಿಯೂ ಇದ್ದ. ಊರೆಲ್ಲ ಆತನನ್ನು ಗಂಟೆ ಎಂದೇ ಕರೆಯುತ್ತಿತ್ತು. ಗೋಪುರಕ್ಕೆ ಬಾರದ ಗಡಿಯಾರದ ಗಂಟೆ ಈತನ ಗಂಟಲಿಗೆ ಬಂದಿದೆ ಎಂದು ಯಾರೋ ವಕೀಲರು ಆಡಿದ ಮಾತು ಹೆಸರಾಗಿ ಉಳಿದಿತ್ತು. ಅಜ್ಜನ ಪ್ರಸಂಗವಾದ ಮೇಲೆ ಹಿಂದಿನ ಪಡಸಾಲೆಗೂ ಸುತ್ತಿಹೋಗಿ ಕೂಗಿ ಬರುವ ಪದ್ಧತಿ ಮಾಡಿದ್ದರು. ‘ಈಗ್ಲೂ ಹಿಂದಕ್ಕೆ ಹೋಗಿ ಕೂಗ್ತೀರಾ?’ ಎಂದು ಇವನು, ಮಾತಿಗೆ ಮಾತು ಎಂಬಂತೆ, ಕೇಳಿದ. ಗಂಟೆ ಮಂಡಿ ನೀವಿಕೊಂಡು ನಕ್ಕ. ‘ಮಂಡಿ ಇದ್ದಾಗ ಹೋಗ್ತಿದ್ದೆ. ಈಗ ಮಂಡಿ ಹೋಗಿದೆ, ಗಂಟಲು ಉಳಿದಿದೆ. ಇಲ್ಲಿಂದಲೇ ಮೂರು ಸಲ ಬಿಡ್ತೀನಿ. ಕೇಳಿಸ್ಕೋಬೇಕು ಅನ್ನೋರಿಗೆ ಸಾಕು ಬಿಡಿ.’ ಆ ಕೊನೆಯ ಮಾತನ್ನು ಗಂಟೆ ಯಾವ ಅರ್ಥವೂ ಇಲ್ಲದೆ ಹೇಳಿದ್ದ. ಆದರೂ ಇವನ ಕಿವಿ ಬಿಸಿಯಾಯಿತು.

‘ಬಂತು ಬಂತು, ಬಂತು!’ ಎಂದ ಕಿರಿಯ ಕೆಲಸದವನು. ಎದೆಯೆತ್ತರದಲ್ಲಿ ಒಂದು ಇಟ್ಟಿಗೆ ಅಲುಗಿತು. ಮುದುಕ ಅದನ್ನು ಎರಡೂ ಕೈಯಲ್ಲಿ, ತೊಟ್ಟಿಲ ಕೂಸನ್ನು ಎತ್ತುವಂತೆ, ಹೊರಗೆಳೆದ. ಅದರ ಹಿಂದೆ ಇನ್ನೊಂದು. ಆಚೆಯಿಂದ ಬೆಳಕಿನ ಒಂದು ಕೋಲು ಬಂದು ಧೂಳಿನಲ್ಲಿ ನಿಂತಿತು. ‘ಸಾಕು, ಟೀ ಕುಡಿದು ಬರೋಣ ನಡಿ’ ಎಂದು ಮುದುಕ ಕೈ ಕೊಡವಿದ. ‘ಕಾಗದ ಎಲ್ಲ ಹೊಸ ಕಟ್ಟಡಕ್ಕೆ ಹೋಯ್ತು, ಮುಂದಿನ ಬಾಗಿಲು ಹರಾಜಿಗೆ ಹೋಯ್ತು, ಇದೊಂದು ಗೋಡೆ ಮಾತ್ರ ಜಪ್ಪಯ್ಯ ಅನ್ನದೆ ಕೂತಿದೆ’ ಎನ್ನುತ್ತ ಇಬ್ಬರೂ ಮೆಟ್ಟಿಲಿಳಿದು ಹೋದರು. ಬಡಿತ ನಿಂತದ್ದೇ ಪಡಸಾಲೆಯ ಮೌನ ದೊಡ್ಡದಾಯಿತು. ಇವನು ಬೆಂಚಿನಿಂದ ಏಳದೆ ಆ ತೂತನ್ನು ನೋಡಿದ. ಅದರಲ್ಲಿ ಮೊದಲು ಬರಿದಾದ ಕೋಣೆ, ಕೋಣೆಯ ಆಚೆ ಬಾಗಿಲಿಲ್ಲದ ಬಾಗಿಲು, ಅದರಾಚೆ ಮುಂದಿನ ಪಡಸಾಲೆಯ ಬಿಸಿಲು, ಬಿಸಿಲಲ್ಲಿ ಯಾರದೋ ಕಾಲು. ಕೋಣೆಯ ನೆತ್ತಿಯ ಮೇಲೆ ಕಮಾನು ಹಾಗೇ ಇತ್ತು. ಇಷ್ಟು ಕಾಲ ಕಾಗದದ ಅಟ್ಟಗಳ ಹಿಂದೆ ಬಾಗಿಕೊಂಡೇ ನಿಂತಿತ್ತು.

ಏಳಬೇಕು, ಬೇರೆಲ್ಲಾದರೂ ಹೋಗಬೇಕು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅವನ ಹೆಸರು ಬಂತು. ಬಂದದ್ದು ದೂರದಿಂದಲ್ಲ. ಕಮಾನಿನ ಬೆನ್ನ ಮೇಲೆ ಜಾರಿ, ತೂತಿನೊಳಗಿಂದ ಇಳಿದು, ಪಕ್ಕದಲ್ಲಿ ಕೂತವರು ಕಿವಿಗೆ ಬಾಯಿಟ್ಟು ಹೇಳಿದ ಹಾಗೆ ಬಂತು. ಮೊದಲು ಅವನ ಹೆಸರು, ಬೆನ್ನಿಗೇ ಅಪ್ಪನ ಹೆಸರು, ಅದಕ್ಕೆ ಅಂಟಿಕೊಂಡೇ ಇದ್ದ ಮೇಸ್ತ್ರಿ ಎಂಬ ಮಾತೂ ಸೇರಿ. ‘ಹಾಜರಿದ್ದೀರಾ?’ ಅಪ್ಪನ ಹೆಸರನ್ನು ಯಾರಾದರೂ ಪೂರ್ತಿಯಾಗಿ ಕೂಗಿ ಎಷ್ಟು ಕಾಲವಾಗಿತ್ತು! ಅಪ್ಪನೇ ಕಮಾನಿನ ಆಚೆ ಕಾಲಿಗೆ ಬಾಯಿಟ್ಟಿದ್ದಾನೆ, ಈಚೆ ತಾನು ಕಿವಿಯಿಟ್ಟಿದ್ದೇನೆ ಎನ್ನಿಸಿತು. ಕಲ್ಲು ತಣ್ಣಗಿತ್ತು ಪುಟ್ಟ. ಎರಡನೆಯ ಕೂಗು ಬಂದಾಗ ಅವನ ಎರಡೂ ಅಂಗೈ ಬೆಂಚಿನ ಮೇಲೆ ಊರಿದ್ದವು, ಮೈ ಅರ್ಧ ಎದ್ದಿತ್ತು. ಹೋಗುವುದೆಂದರೆ ಎಷ್ಟು ದೂರ? ಸುತ್ತಿ ಓಡಿದರೆ ಒಂದು ಉಸಿರಿನ ದಾರಿ. ಇಲ್ಲಿಂದಲೇ, ಈ ತೂತಿಗೆ ಬಾಯಿಟ್ಟು ‘ಇದ್ದೀನಿ’ ಎಂದರೂ ಸಾಕು, ಕಮಾನು ಉಳಿದದ್ದನ್ನು ಮಾಡುತ್ತದೆ. ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸಂಜೆ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಹಾಸಿಗೆಯ ಸುರುಳಿ, ಪಾತ್ರೆಯ ಮೂಟೆ, ಅದರ ಮೇಲೆ ಕೂತ ಮಕ್ಕಳು, ಮಡಚಿದ ಬಟ್ಟೆಯನ್ನು ಮತ್ತೆ ಮಡಚುತ್ತಿರುವ ಹೆಂಡತಿ ಕಣ್ಣ ಮುಂದೆ ಬಂದರು. ಅವನು ಬಗ್ಗಿದ. ಎಡಗಾಲಿನ ಚಪ್ಪಲಿಯ ಪಟ್ಟಿ ಸಡಿಲವಾದಂತಿತ್ತು. ಮೂರನೆಯ ಕೂಗು ಬಂದು ಮುಗಿಯುವವರೆಗೂ ಅದನ್ನು ಸರಿಮಾಡಿದ. ಪಟ್ಟಿ ಬಿಗಿಯಾಗಿಯೇ ಇತ್ತು.

ಆಮೇಲೆ ಎಷ್ಟು ಹೊತ್ತಾಯಿತೋ. ಗೋಪುರದಲ್ಲಿ ಪಾರಿವಾಳಗಳು ಗುಟರುಗುಟ್ಟುತ್ತಿದ್ದವು. ಒಂದು ಮಾತನ್ನು ಬಾಯೊಳಗೆ ಕಲ್ಲುಸಕ್ಕರೆಯಂತೆ ಹೊರಳಿಸುತ್ತ ಕೂತಿದ್ದ: ಕೇಳಿಸಲೇ ಇಲ್ಲ ಅತ್ತಿಗೆ. ಕೇಳಿಸಿದ್ದರೆ ಬರುತ್ತಿರಲಿಲ್ಲವೇ? ಎಷ್ಟು ಹೊರಳಿಸಿದರೂ ಅದು ಕರಗಲಿಲ್ಲ. ಪಡಸಾಲೆಯ ತುದಿಯಲ್ಲಿ ಹೆಜ್ಜೆ ಸದ್ದಾಯಿತು. ತಲೆಯೆತ್ತದೆಯೇ ಯಾರೆಂದು ತಿಳಿಯಿತು, ಆ ಹೆಜ್ಜೆಯ ಹಿಂದೆಯೇ ನಡೆದು ಬೆಳೆದವನು ಅವನು.

‘ಇಲ್ಲಿದ್ಯಾ ಪುಟ್ಟ’ ಎಂದಳು ಅತ್ತಿಗೆ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ‘ನಲ್ಲಿ ಹತ್ರ ನೋಡ್ದೆ. ಗೇಟಿನ ತನಕ ಹೋಗಿ ಬಂದೆ.’

ಅವನು ಬಾಯಿ ತೆರೆದ. ಕಾಯ್ದಿಟ್ಟ ಮಾತು ಬರಲಿಲ್ಲ.

‘ಕೂಗಿದ್ರು’ ಎಂದಳು ಅವಳು. ‘ಮೂರು ಸಲಾನೂ ಕೂಗಿದ್ರು. ವಕೀಲ್ರು ಐದು ನಿಮಿಷ ಕೊಡಿ ಅಂತ ಕೇಳ್ಕೊಂಡ್ರು. ಸಾಹೇಬ್ರು ಬರೆದುಬಿಟ್ರು.’ ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಅನ್ನ ತಳ ಹಿಡಿಯಿತು ಎನ್ನುವಂತೆ ಹೇಳಿದಳು. ಇವನು ಅವಳ ಕಾಲಿನ ಧೂಳು ನೋಡುತ್ತಿದ್ದ. ಗೇಟಿನ ತನಕ ಹೋಗಿ ಬಂದ ಧೂಳು. ಅವಳು ಕಾದಳು, ಅವನು ಏನಾದರೂ ಹೇಳಲೆಂದು ಕಾದಳು, ಆಮೇಲೆ ಅವನಿಗೆ ಕಷ್ಟವಾಗುತ್ತಿದೆಯೆಂದು ಕಂಡಿತೋ ಏನೋ, ಚಿಕ್ಕಂದಿನಲ್ಲಿ ಅವನ ಬಾಯಿಗೆ ತುತ್ತಿಟ್ಟಂತೆ ಆ ಮಾತನ್ನೂ ತಾನೇ ಇಟ್ಟಳು.

‘ಇಲ್ಲಿಗೆ ಕೇಳಿಸಲ್ಲ, ಅಲ್ವಾ? ಮಾವ ಹೇಳ್ತಿದ್ರು.’

‘ಹೂಂ ಅತ್ತಿಗೆ’ ಎಂದ. ‘ಕೇಳಿಸ್ಲಿಲ್ಲ.’

ಆಗ ಕಮಾನಿನಿಂದ ಇನ್ನೊಂದು ಹೆಸರು ಇಳಿಯಿತು. ಯಾವುದೋ ಊರಿನ ಯಾರೋ, ಅವನ ಅಪ್ಪ ಯಾರೋ, ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಸ್ಪಷ್ಟವಾಗಿ, ಇಬ್ಬರ ನಡುವೆ ಬಂದು ನಿಂತಿತು. ಅತ್ತಿಗೆ ಗೋಡೆಯ ತೂತಿನ ಕಡೆ ತಿರುಗಿದಳು. ಒಂದು ಕ್ಷಣ, ಕಿವಿಯನ್ನು ಕಲ್ಲಿನಿಂದ ಕಿತ್ತುಕೊಂಡ ದಿನದ ಮುಖ ಅವಳಲ್ಲಿ ಬಂದು ಹೋಯಿತು. ಹೊರತೆಗೆದಿಟ್ಟ ಇಟ್ಟಿಗೆಗಳನ್ನು ನೋಡಿದಳು, ಬೆಂಚನ್ನು ನೋಡಿದಳು. ಇವನ ಮುಖ ಮಾತ್ರ ನೋಡಲಿಲ್ಲ. ಅದನ್ನು ನೋಡದೆ ಬಿಡುವುದು ಅವಳು ಅವನಿಗೆ ಕೊಡಬಹುದಾದ ಕೊನೆಯದು ಎಂಬಂತೆ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

‘ನೀರು ಕುಡಿತೀನಿ ಅಂದಿದ್ಯಲ್ಲ, ಕುಡ್ಕೊಂಡು ಹೋಗು’ ಎಂದು ನಡೆದುಬಿಟ್ಟಳು.

ಎರಡನೆಯ ಸಲ ಕೂಗಿದರು. ಮೂರನೆಯ ಸಲವೂ ಕೂಗಿದರು. ಮೂರನೆಯ ಕೂಗು ಮುಗಿಯುವ ಮೊದಲೇ, ಆಚೆ ಬಿಸಿಲಿನಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಓಡಿಬಂದ ಸದ್ದು, ಆ ಎತ್ತರದ ಮೆಟ್ಟಿಲು ಹತ್ತಿದ ಏದುಸಿರು, ತನ್ನದೇ ಎದೆಯಿಂದ ಎದ್ದಿತೇನೋ ಎಂಬಷ್ಟು ಹತ್ತಿರದಲ್ಲಿ ಅವನ ಕಿವಿಗೆ ಬಿತ್ತು: ‘ಬಂದೆ ಸ್ವಾಮಿ, ಇಲ್ಲಿದ್ದೀನಿ, ಬಂದೆ.’